ಈ ನವೆಂಬರ್ ಬೇಡ, ಮುಂದಿನ ನವೆಂಬರ್‌ನಲ್ಲಿ ಹೊರಡಿ

ಪ್ರಶ್ನೆ: ನನಗೆ 62 ವರ್ಷ, ನಮ್ಮ ಯಜಮಾನರಿಗೆ 67. ಹುಟ್ಟೂರು ಕುಂದಾಪುರದ ಹತ್ತಿರ. ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಬಂದು ಮೂವತ್ತು ವರ್ಷ ದಾಟಿತು. ಇವರಿಗೆ ಮೊದಲಿನಿಂದಲೂ ಹಾಯಿದೋಣಿಯ ಹುಚ್ಚು. 36 ಅಡಿಯ ಸ್ವಂತ ದೋಣಿ ಇದೆ. ಬೇಸಿಗೆಯಲ್ಲಿ ವೈಟ್ ದ್ವೀಪದ ಸುತ್ತ, ಕೆಲವೊಮ್ಮೆ ಇಂಗ್ಲಿಷ್ ಕಾಲುವೆ ದಾಟಿ ಫ್ರಾನ್ಸಿನ ಶೆರ್ಬೂರ್ಗ್‌ವರೆಗೆ ಹೋಗಿಬರುತ್ತೇವೆ. ನಾನು ಅಡುಗೆ ಮಾಡುತ್ತೇನೆ, ಹೇಳಿದ ಹಗ್ಗ ಎಳೆಯುತ್ತೇನೆ, ಅಷ್ಟೇ. ಕಳೆದ ವರ್ಷ ನಿವೃತ್ತರಾದಾಗಿನಿಂದ ಅಟ್ಲಾಂಟಿಕ್ ದಾಟಿ ಕೆರಿಬಿಯನ್‌ಗೆ ಹೋಗಬೇಕೆಂದು ಹಟ ಹಿಡಿದಿದ್ದಾರೆ. ಅದೂ ಈ ನವೆಂಬರ್‌ನಲ್ಲೇ, ನಾವಿಬ್ಬರೇ. ಜನವರಿಯಲ್ಲಿ ಇವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ‘ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ’ ಎಂದು ಮಗ ರೇಗುತ್ತಾನೆ. ಬೆಂಗಳೂರಿನಲ್ಲಿರುವ ಮಗಳಿಗೆ ಡಿಸೆಂಬರ್‌ನಲ್ಲಿ ಹೆರಿಗೆ. ಗಂಗೊಳ್ಳಿಯ ಅಳಿವೆ ಬಾಗಿಲಲ್ಲಿ ದೋಣಿ ಮಗುಚಿದ ಸುದ್ದಿ ಕೇಳುತ್ತಲೇ ಬೆಳೆದವಳು ನಾನು. ರಾತ್ರಿ ನಿದ್ದೆ ಬರುತ್ತಿಲ್ಲ. ತಡೆಯಲೇ, ಕಳಿಸಲೇ, ಜೊತೆಗೆ ಹೋಗಲೇ?
— ಹೆಸರು ಬೇಡ, ಸೌತಾಂಪ್ಟನ್

ಉತ್ತರ: ಅಮ್ಮಾ, ಸುತ್ತಿಬಳಸದೆ ಹೇಳುತ್ತೇನೆ. ಅವರು ಹೋಗಲಿ, ಮನಸ್ಸಿದ್ದರೆ ನೀವೂ ಹೋಗಿ. ಆದರೆ ಈ ನವೆಂಬರ್‌ನಲ್ಲಿ ಬೇಡ. ಇಬ್ಬರೇ ಹೋಗುವುದಂತೂ ಬೇಡವೇ ಬೇಡ.

ಮೊದಲು ವಯಸ್ಸಿನ ಮಾತು ಮುಗಿಸಿಬಿಡೋಣ, ಏಕೆಂದರೆ ನಿಮ್ಮ ಮಗನ ಸಿಟ್ಟೆಲ್ಲ ಅದರ ಮೇಲೇ ನಿಂತಿದೆ. ಬ್ರಿಟಿಷ್ ನಾವಿಕ ಫ್ರಾನ್ಸಿಸ್ ಚಿಚೆಸ್ಟರ್ 1966ರ ಆಗಸ್ಟ್‌ನಲ್ಲಿ ಪ್ಲಿಮತ್‌ನಿಂದ ಒಬ್ಬರೇ ಹೊರಟು, ಸಿಡ್ನಿಯಲ್ಲಿ ಮಾತ್ರ ತಂಗಿ, ಮರುವರ್ಷದ ಮೇ ತಿಂಗಳಲ್ಲಿ ಭೂಮಿ ಸುತ್ತಿ ಮರಳಿದರು. ಹೊರಟಾಗ ಅವರ ವಯಸ್ಸು ಅರವತ್ತು ದಾಟಿತ್ತು. ಜಪಾನಿನ ಕೆನಿಚಿ ಹೊರಿಯೆ 2022ರಲ್ಲಿ, ತಮ್ಮ 83ನೇ ವಯಸ್ಸಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಿಂದ ಜಪಾನಿಗೆ ಪುಟ್ಟ ದೋಣಿಯಲ್ಲಿ ಒಬ್ಬರೇ ಪೆಸಿಫಿಕ್ ದಾಟಿದರು. ನಮ್ಮ ದೇಶದ ನಾವಿಕ ಅಭಿಲಾಷ್ ಟಾಮಿ ಬೆನ್ನುಮೂಳೆ ಮುರಿದುಕೊಂಡ 2018ರ ಗೋಲ್ಡನ್ ಗ್ಲೋಬ್ ಎಂಬ ಒಂಟಿ ಭೂಪ್ರದಕ್ಷಿಣೆ ಸ್ಪರ್ಧೆಯನ್ನು ಗೆದ್ದವರು 73 ವರ್ಷದ ಫ್ರೆಂಚ್ ನಾವಿಕ ಝಾಂ-ಲ್ಯೂಕ್ ವ್ಯಾನ್ ಡೆನ್ ಹೀಡ್. ಆದ್ದರಿಂದ 67ಕ್ಕೆ ಕಡಲು ಮುಚ್ಚಿಹೋಗುವುದಿಲ್ಲ. ಆದರೆ ಈ ಹೆಸರುಗಳನ್ನು ಹಿಡಿದು ಯಜಮಾನರು ವಾದಕ್ಕೆ ನಿಲ್ಲುವಂತಿಲ್ಲ. ಇವರೆಲ್ಲ ಆ ವಯಸ್ಸಿಗೆ ಬರುವಷ್ಟರಲ್ಲಿ ಸಾವಿರಾರು ಮೈಲಿ ಮಹಾಸಾಗರ ಕಂಡವರು. ವೈಟ್ ದ್ವೀಪದ ಸುತ್ತಿನ ನೀರು ಮಹಾಸಾಗರವಲ್ಲ.

ನೀವು ತಿಳಿಯಬೇಕಾದ ಹೆಸರು ಇನ್ನೊಂದು, ಜೀನ್ ಸಾಕ್ರಟೀಸ್. ಬ್ರಿಟನ್ನಿನ ಗಣಿತ ಶಿಕ್ಷಕಿ. ಹಾಯಿದೋಣಿ ಕಲಿಯಲು ಆರಂಭಿಸಿದ್ದೇ ನಡುವಯಸ್ಸು ಕಳೆಯುತ್ತ ಬಂದಾಗ. ಗಂಡ-ಹೆಂಡತಿ ‘ನೆರೈಡಾ’ ಎಂಬ ದೋಣಿ ಕೊಂಡು ಕೆಲವು ವರ್ಷ ಅದರಲ್ಲೇ ಊರೂರು ಸುತ್ತಿದರು. 2003ರಲ್ಲಿ ಗಂಡ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಕೆ ದೋಣಿ ಮಾರಲಿಲ್ಲ, ಒಬ್ಬರೇ ನಡೆಸಿದರು. ಮುಂದೆ, ಎಲ್ಲಿಯೂ ನಿಲ್ಲದೆ ಭೂಮಿ ಸುತ್ತಲು ಮತ್ತೊಮ್ಮೆ ಸಜ್ಜಾಗುತ್ತಿದ್ದಾಗ, 2017ರಲ್ಲಿ ಏಣಿಯಿಂದ ಬಿದ್ದು ಕುತ್ತಿಗೆಯ ಮೂಳೆ, ಪಕ್ಕೆಲುಬು ಮುರಿದುಕೊಂಡರು. ಆ ವರ್ಷದ ಯಾನ ಕೈಬಿಟ್ಟು, ಮೈ ಸರಿಯಾದ ಮೇಲೆ 2018ರ ಅಕ್ಟೋಬರ್‌ನಲ್ಲಿ ಕೆನಡಾದ ವಿಕ್ಟೋರಿಯಾದಿಂದ ಹೊರಟು, 2019ರ ಸೆಪ್ಟೆಂಬರ್‌ನಲ್ಲಿ, 77ರ ಹರಯದಲ್ಲಿ, ಸುತ್ತು ಮುಗಿಸಿ ಮರಳಿದರು. ‘ಇನ್ನೊಂದು ವರ್ಷ ಕಾದರೆ ನನ್ನ ಕಾಲ ಮುಗಿದೇಹೋಗುತ್ತದೆ’ ಎಂದು ಯಜಮಾನರು ಅಂದರೆ ಈ ಕಥೆ ಹೇಳಿ. ಕಾದದ್ದರಿಂದಲೇ ಆಕೆಗೆ ದಕ್ಕಿತು.

ಈಗ ಹೃದಯದ ವಿಷಯ. ಅದಕ್ಕೆ ಮೊದಲು ದಾರಿ ಹೇಗಿದೆ ನೋಡಿ. ಅಟ್ಲಾಂಟಿಕ್ ದಾಟುವ ದೋಣಿಗಳು ಸಾಮಾನ್ಯವಾಗಿ ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಹೊರಟು ಸೇಂಟ್ ಲೂಸಿಯಾ ಸೇರುತ್ತವೆ. ಸುಮಾರು 2,700 ನಾಟಿಕಲ್ ಮೈಲಿ. ನಿಮ್ಮಂಥ ದೋಣಿಗೆ ಮೂರು ವಾರದ ಹಾದಿ. ವಾಣಿಜ್ಯ ಮಾರುತ ಬೆನ್ನ ಹಿಂದಿನಿಂದ ಬೀಸುವುದರಿಂದ ಇದು ಸುಲಭದ ದಾರಿ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಗಾಳಿ ಹಿಂದಿನಿಂದ ಬಂದಾಗ ದೋಣಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಗಲೂ ರಾತ್ರಿ ಹೊಯ್ದಾಡುತ್ತಲೇ ಇರುತ್ತದೆ. ಚುಕ್ಕಾಣಿ ಒಂದಿಷ್ಟು ತಪ್ಪಿದರೂ ಹಾಯಿಯ ಕೆಳಗಿನ ಅಡ್ಡದಂಡ, ಆ ಬೂಮ್, ಒಂದು ಪಕ್ಕದಿಂದ ಇನ್ನೊಂದಕ್ಕೆ ರಪ್ಪನೆ ತಿರುಗಿ ತಲೆಗೆ ಬಡಿಯಬಹುದು. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಸಾಮಾನ್ಯವಾಗಿ ಎರಡು ಬಗೆಯ ಮಾತ್ರೆ ಕೊಡುತ್ತಾರೆ, ಅನೇಕರಿಗೆ ಒಂದು ವರ್ಷದವರೆಗೂ. ಆ ಮಾತ್ರೆ ನುಂಗುತ್ತಿರುವವರ ತಲೆಗೆ ಪೆಟ್ಟು ಬಿದ್ದರೆ ಒಳಗಿನ ರಕ್ತಸ್ರಾವ ನಿಲ್ಲುವುದು ಕಷ್ಟ. ನಡುಸಾಗರದಲ್ಲಿ ಉಪಗ್ರಹ ಫೋನಿನಲ್ಲಿ ವೈದ್ಯರು ಸಿಗುತ್ತಾರೆ, ಆದರೆ ಹೆಲಿಕಾಪ್ಟರ್ ಅಷ್ಟು ದೂರ ಬರಲಾರದು. ಬಂದರೆ ಆ ದಾರಿಯಲ್ಲಿ ಸಾಗುವ ಸರಕು ಹಡಗು ಬರಬೇಕು. ಅದರ ಪಕ್ಕಕ್ಕೆ ಇಳಿಬಿಟ್ಟ ಹಗ್ಗದ ಏಣಿಯನ್ನು ಅಲೆಗಳ ನಡುವೆ ಹತ್ತಬೇಕು. ಈ ನವೆಂಬರ್ ಬೇಡ ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಹೃದ್ರೋಗ ತಜ್ಞರ ಬಳಿ ನೀವೂ ಹೋಗಿ. ‘ಇವರು ಪ್ರಯಾಣ ಮಾಡಬಹುದೇ’ ಎಂದು ಕೇಳಿದರೆ ಅವರು ವಿಮಾನ, ಕ್ರೂಸ್ ಹಡಗು ಅಂದುಕೊಂಡು ತಲೆಯಾಡಿಸಿಬಿಡುತ್ತಾರೆ. ಬಿಡಿಸಿ ಹೇಳಿ: ಮೂರು ವಾರ ಆಸ್ಪತ್ರೆ ಇಲ್ಲ, ತುಂಡು ನಿದ್ದೆ, ನಡುರಾತ್ರಿ ಎದ್ದು ಮೈಮುರಿಯುವ ಕೆಲಸ, ಬೀಳುವ ಅಪಾಯ. ಶ್ರಮ ಕೊಟ್ಟು ಮಾಡುವ ಹೃದಯ ಪರೀಕ್ಷೆ ಬೇಕೇ, ಮಾತ್ರೆ ಯಾವಾಗ ಒಂದಕ್ಕೆ ಇಳಿಯುತ್ತದೆ ಎಂದು ಕೇಳಿ. ಉತ್ತರ ಬರೆಸಿಕೊಂಡು ಬನ್ನಿ, ವಿಮೆಯವರಿಗೂ ಅದು ಬೇಕಾಗುತ್ತದೆ. ಸ್ಟೆಂಟ್ ವಿಷಯ ಮುಚ್ಚಿಟ್ಟು ಮಾಡಿಸಿದ ವಿಮೆ ಕಷ್ಟಕಾಲದಲ್ಲಿ ಕೈಕೊಡುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಸ್ಟೆಂಟಿನದಲ್ಲ. ‘ಹೇಳಿದ ಹಗ್ಗ ಎಳೆಯುತ್ತೇನೆ, ಅಷ್ಟೇ’ ಎಂದಿದ್ದೀರಲ್ಲ, ಅದು. ಇಷ್ಟು ವರ್ಷ ಅದೇ ದೋಣಿಯಲ್ಲಿ ಕೂತವರು ನೀವು. ಅವರು ನೀರಿಗೆ ಬಿದ್ದರೆ ದೋಣಿ ನಿಲ್ಲಿಸಲು ನಿಮಗೆ ಬರುತ್ತದೆಯೇ? ಗಂಡ-ಹೆಂಡತಿ ಇಬ್ಬರೇ ಹೋಗುವ ದೋಣಿಯ ಬಲ ಎಷ್ಟೆಂದರೆ, ಇಬ್ಬರಲ್ಲಿ ಕಡಿಮೆ ಬಲ್ಲವರು ಒಂಟಿಯಾಗಿ ಎಷ್ಟು ಮಾಡಬಲ್ಲರೋ ಅಷ್ಟೇ. ನಿಮ್ಮ ನಿದ್ದೆ ಕೆಟ್ಟಿರುವುದೂ ಇದಕ್ಕೇ ಎಂದು ನನಗೆ ಅನ್ನಿಸುತ್ತದೆ. ಸಮುದ್ರ ಅಪರಿಚಿತ ಎಂದಲ್ಲ, ಅದರ ಮುಂದೆ ನಿಮ್ಮ ಕೈಗೆ ಏನೂ ಕೊಟ್ಟಿಲ್ಲ ಎಂಬುದಕ್ಕೆ.

ಅದಕ್ಕೆ ಈ ಬೇಸಿಗೆಯಲ್ಲೇ ಒಂದು ಕೆಲಸ ಮಾಡಿ. ಗಾಳಿ ಹದವಾಗಿರುವ ದಿನ ದೋಣಿ ತೆಗೆಯಿರಿ. ಒಂದು ಬಕೆಟ್ಟಿಗೆ ದೋಣಿಯ ಪಕ್ಕಕ್ಕೆ ಕಟ್ಟುವ ರಬ್ಬರ್ ಬುಡ್ಡೆಯನ್ನು ಬಿಗಿದು ನೀರಿಗೆ ಎಸೆಯಿರಿ. ಅದೇ ನಿಮ್ಮ ಯಜಮಾನರು ಎಂದುಕೊಳ್ಳಿ. ಅವರು ಕ್ಯಾಬಿನ್ ಒಳಗೆ ಕೂತು ತುಟಿಪಿಟಕ್ಕೆನ್ನಬಾರದು. ನೀವೊಬ್ಬರೇ ತುರ್ತು ಗುಂಡಿ ಒತ್ತಿ ಜಾಗ ಗುರುತಿಸಿ, ದೋಣಿಯನ್ನು ಗಾಳಿಗೆ ತಿರುಗಿಸಿ, ಹಾಯಿ ಇಳಿಸಿ, ನೀರಿನಲ್ಲಿ ಹಗ್ಗ ಬಿದ್ದಿಲ್ಲ ಎಂದು ನೋಡಿಕೊಂಡು ಎಂಜಿನ್ ಹಾಕಿ, ಬಕೆಟ್ಟಿನ ಪಕ್ಕಕ್ಕೆ ಬಂದು ನಿಲ್ಲಬೇಕು. ಮೊದಲ ಸಲ ಅದು ಕಣ್ಣಿಗೇ ಕಾಣದೆ ಹೋಗಬಹುದು. ಅಲೆಗಳ ನಡುವೆ ಒಂದು ತಲೆ ಎಷ್ಟು ಬೇಗ ಮರೆಯಾಗುತ್ತದೆ ಎಂಬುದು ಇಬ್ಬರಿಗೂ ಅವತ್ತು ಗೊತ್ತಾಗುತ್ತದೆ. ಆಮೇಲೆ ಬಂದರಿನ ನಿಂತ ನೀರಿನಲ್ಲಿ ಯಜಮಾನರು ಜೀವರಕ್ಷಕ ಜಾಕೆಟ್ ತೊಟ್ಟು ನಿಜವಾಗಿ ಇಳಿಯಲಿ. ಹಾಯಿಕಂಬದ ತುದಿಯಿಂದ ಬರುವ ಹಗ್ಗವನ್ನು ಜಾಕೆಟ್ಟಿಗೆ ಸಿಕ್ಕಿಸಿ, ಹಗ್ಗ ಸುತ್ತುವ ವಿಂಚ್ ತಿರುಗಿಸಿ ಅವರನ್ನು ಮೇಲೆತ್ತಿ ನೋಡಿ. ಒದ್ದೆಯಾದ ಆಳನ್ನು ಬರಿಗೈಯಲ್ಲಿ ಎಳೆದುಕೊಳ್ಳಲು ಹೆಚ್ಚಿನ ಹೆಂಗಸರಿಗೆ ಆಗದು, ಹೆಚ್ಚಿನ ಗಂಡಸರಿಗೂ ಆಗದು. ವಿಂಚಿನಿಂದಲೂ ಆಗಲಿಲ್ಲವೆಂದರೆ ರಾಟೆ ಕಟ್ಟಿಸಿ. ಅದು ಆಗುವವರೆಗೆ ಅಟ್ಲಾಂಟಿಕ್ ಮಾತು ಎತ್ತಬಾರದು. ಇದು ನನ್ನ ಷರತ್ತು, ನಿಮ್ಮ ಷರತ್ತೂ ಆಗಲಿ.

ಜೊತೆಗೆ ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನ ಡೇ ಸ್ಕಿಪ್ಪರ್ ತರಬೇತಿಗೆ ಸೇರಿಕೊಳ್ಳಿ. ನೀರಿನ ಮೇಲೆ ಐದು ದಿನದ ಪಾಠ, ನಿಮ್ಮ ಊರಿನ ಸುತ್ತ ಕಲಿಸುವ ಶಾಲೆಗಳಿಗೆ ಬರವಿಲ್ಲ. ಯಜಮಾನರಿಲ್ಲದೆ ಹೋಗಿ. ಗಂಡ ಹೆಂಡತಿಗೆ ಕಾರು ಕಲಿಸುವಾಗ ನಡೆಯುವ ಜಗಳ ದೋಣಿಯಲ್ಲೂ ನಡೆಯುತ್ತದೆ. ಮುಂದಿನ ಬೇಸಿಗೆಯಲ್ಲಿ, ಎರಡು ರಾತ್ರಿಯಾದರೂ ನಡುನೀರಿನಲ್ಲಿ ಕಳೆಯುವಂಥ ಪ್ರಯಾಣ ಇಬ್ಬರೂ ಮಾಡಿ. ಬೆಳಗಿನ ಜಾವ ಮೂರಕ್ಕೆ ಮಳೆಗಾಳಿ ಎದ್ದು, ಹೆಡ್‌ಟಾರ್ಚ್ ಬೆಳಕಿನಲ್ಲಿ ಹಾಯಿ ಕುಗ್ಗಿಸಬೇಕಾಗಿ ಬಂದಾಗ ಮೈ ಮನಸ್ಸು ಏನೆನ್ನುತ್ತವೆ ಎಂದು ಅಲ್ಲೇ ತಿಳಿಯಬೇಕು. ಕತ್ತಲಾಗುವ ಮುನ್ನವೇ ಹಾಯಿ ಕುಗ್ಗಿಸಿಬಿಡುವುದು ವಯಸ್ಸಾದ ನಾವಿಕರ ಒಳ್ಳೆಯ ರೂಢಿ. ಒಂದೆರಡು ಮೈಲಿ ವೇಗ ಹೋದರೆ ಹೋಗಲಿ.

ಇಬ್ಬರೇ ಬೇಡ ಎಂದೆನಲ್ಲ, ನಾಲ್ವರಾಗಿ. ಅನುಭವಿಗಳಾದ, ಮೈಯಲ್ಲಿ ಕಸುವಿರುವ ಇನ್ನಿಬ್ಬರನ್ನು ಕರೆದುಕೊಳ್ಳಿ. ನಾಲ್ವರಿದ್ದರೆ ಮೂರು ಗಂಟೆ ಕಾವಲು, ಒಂಬತ್ತು ಗಂಟೆ ಬಿಡುವು. ಇಬ್ಬರೇ ಇದ್ದರೆ ಮೂರು ವಾರ ಯಾರಿಗೂ ತುಂಬು ನಿದ್ದೆಯಿಲ್ಲ. ನಿದ್ದೆಗೆಟ್ಟವರು ಗಂಟು ತಪ್ಪಾಗಿ ಹಾಕುತ್ತಾರೆ, ಮಾತ್ರೆ ಮರೆಯುತ್ತಾರೆ, ರಕ್ಷಣಾ ಹಗ್ಗ ಸಿಕ್ಕಿಸದೆ ಹೊರಗೆ ಬರುತ್ತಾರೆ. 1986ರಿಂದ ಪ್ರತಿ ನವೆಂಬರ್‌ನಲ್ಲಿ ಲಾಸ್ ಪಾಲ್ಮಾಸ್‌ನಿಂದ ಹೊರಡುವ ಎಆರ್‌ಸಿ ಎಂಬ ಸಾಮೂಹಿಕ ಯಾನವಿದೆ. ಅದರಲ್ಲಿ ಸೇರಿದರೆ ಸುರಕ್ಷತಾ ಸಾಮಗ್ರಿಯ ತಪಾಸಣೆ ಮಾಡುತ್ತಾರೆ. ಯಜಮಾನರ ಹಟಕ್ಕೆ ಹೊರಗಿನವರ ಒಂದು ಕಣ್ಣು ಇರುವುದು ಒಳ್ಳೆಯದು.

ಗಂಡಸರು ಹೇಳಿಕೊಳ್ಳದ ಒಂದು ಮಾತನ್ನು ನಾನೇ ಹೇಳುತ್ತೇನೆ. ಈ ವಯಸ್ಸಿನಲ್ಲಿ ಪ್ರಾಸ್ಟೇಟ್ ಊದಿಕೊಂಡಿರುವುದು ಸಾಮಾನ್ಯ. ಕಡಲ ವಾಕರಿಕೆಗೆ ಕೊಡುವ ಹಯೋಸಿನ್‌ನಂಥ ಔಷಧಿಗಳು ಅಂಥವರಿಗೆ ಮೂತ್ರ ಕಟ್ಟುವಂತೆ ಮಾಡಬಹುದು, ಹಿರಿಯರಿಗೆ ತಲೆ ಗೊಂದಲವನ್ನೂ ತರಬಹುದು. ನಡುಸಾಗರದಲ್ಲಿ ಮೂತ್ರ ಕಟ್ಟಿದರೆ ಆ ನೋವು ಯಾರಿಗೂ ಬೇಡ. ವೈದ್ಯರನ್ನು ಕೇಳಿ, ಯಾವ ವಾಕರಿಕೆ ಮಾತ್ರೆಯನ್ನೂ ಮೊದಲು ದಡದಲ್ಲೇ ನುಂಗಿ ನೋಡಿ. ಕಣ್ಣಿನ ಪೊರೆ ಇದ್ದರೆ ಹೊರಡುವ ಮೊದಲೇ ತೆಗೆಸಿ, ರಾತ್ರಿಯ ಹಡಗಿನ ದೀಪಗಳು ಚದುರಿ ಕಾಣಬಾರದು.

ಮಗಳ ಹೆರಿಗೆಗೆ ನೀವು ಬೆಂಗಳೂರಿಗೆ ಹೋಗಿ. ಇದರಲ್ಲಿ ಯೋಚಿಸುವುದು ಏನೂ ಇಲ್ಲ. ಯಾನ ಮುಂದಕ್ಕೆ ಹಾಕಿದರೆ ಬಾಣಂತನವೂ ಆಯಿತು, ನಿಮ್ಮ ಮನಸ್ಸಿಗೂ ಸಮಾಧಾನ. ಮಗನ ರೇಗಾಟದ ಒಳಗಿರುವುದು ಭಯ. ‘ಈ ವಯಸ್ಸಿನಲ್ಲಿ’ ಎಂಬ ಮಾತಿಗೆ ವಾದ ಹೂಡಬೇಡಿ. ಬಕೆಟ್ ಅಭ್ಯಾಸದ ದಿನ ಅವನನ್ನೂ ದೋಣಿಗೆ ಕರೆಯಿರಿ. ದಾರಿಯುದ್ದಕ್ಕೂ ದೋಣಿ ಎಲ್ಲಿದೆ ಎಂದು ಅವನ ಫೋನಿನಲ್ಲೇ ಕಾಣುವ ಸಾಧನ ಈಗ ಸಿಗುತ್ತದೆ, ಅದನ್ನು ತೋರಿಸಿ. ಉಯಿಲನ್ನೂ, ಆಸ್ತಿ ಮತ್ತು ಚಿಕಿತ್ಸೆಯ ಬಗ್ಗೆ ಅವನು ತೀರ್ಮಾನಿಸಬಲ್ಲ ಅಧಿಕಾರಪತ್ರಗಳನ್ನೂ ಹೊರಡುವ ಮುಂಚೆ ಮಾಡಿಸಿ. ಅಪಶಕುನ ಅನ್ನಿಸಿದರೂ ಮಾಡಿಸಿ.

ಇಷ್ಟೆಲ್ಲ ಕಲಿತ ಮೇಲೂ ಮಹಾಸಾಗರ ನಿಮಗೆ ಬೇಡ ಅನ್ನಿಸಿದರೆ ಅದು ಸೋಲಲ್ಲ. ಅವರು ಮೂವರು ಜೊತೆಗಾರರೊಂದಿಗೆ ದಾಟಲಿ, ನೀವು ವಿಮಾನದಲ್ಲಿ ಸೇಂಟ್ ಲೂಸಿಯಾಕ್ಕೆ ಹೋಗಿ ಸೇರಿಕೊಳ್ಳಿ. ಅಲ್ಲಿಂದ ಮಾರ್ಟಿನಿಕ್ ಹಗಲಿನ ಹಾದಿ, ಮುಂದೆ ಡೊಮಿನಿಕಾ. ಒಂದು ದ್ವೀಪ ಹಿಂದೆ ಸರಿಯುವಾಗ ಮುಂದಿನದು ಕಾಣಿಸುತ್ತಿರುತ್ತದೆ. ಅನೇಕ ದಂಪತಿಗಳು ಹೀಗೇ ಮಾಡುತ್ತಾರೆ. ಮೇ ತಿಂಗಳಿನಲ್ಲಿ ಅಜೋರ್ಸ್ ದ್ವೀಪಗಳ ಮೂಲಕ ಮರಳುವ ದಾರಿ ಹೋಗುವಾಗಿನದಕ್ಕಿಂತ ಚಳಿ, ಗಾಳಿಯೂ ಒರಟು. ಅದನ್ನು ಅವರೂ ಮಾಡಬೇಕಿಲ್ಲ. ದೋಣಿಯನ್ನೇ ದೊಡ್ಡ ಹಡಗಿನ ಮೇಲೆ ಇರಿಸಿ ಯುರೋಪಿಗೆ ತರುವ ವ್ಯವಸ್ಥೆ ಇದೆ. ದುಬಾರಿ, ಆದರೆ ಆ ಖರ್ಚು ದಂಡವಲ್ಲ.

ಗಂಗೊಳ್ಳಿಯ ಭಯವನ್ನು ಬಿಡಬೇಡಿ. ಅದನ್ನು ಬಳಸಿಕೊಳ್ಳಿ. ನಿಮ್ಮೂರಿನ ಮೀನುಗಾರರು ಮಳೆಗಾಲ ಬಂದರೆ ದೋಣಿಯನ್ನು ದಡಕ್ಕೆ ಎಳೆದಿಡುತ್ತಾರೆ. ಅವರನ್ನು ಯಾರೂ ಹೇಡಿಗಳೆನ್ನುವುದಿಲ್ಲ. ಜೂನ್‌ನಿಂದ ನವೆಂಬರ್‌ವರೆಗಿನ ಚಂಡಮಾರುತದ ಕಾಲ ಮುಗಿಯುತ್ತ ಬರಲಿ ಎಂದೇ ಅಟ್ಲಾಂಟಿಕ್ ದಾಟುವವರೂ ಕಾಯುತ್ತಾರೆ. ಯಜಮಾನರು ಒಂದು ವರ್ಷ ಕಾಯುವುದೂ ಇದೇ ಲೆಕ್ಕ.

ಈ ಪುಟವನ್ನು ಅವರಿಗೆ ಓದಲು ಕೊಡಿ. ಸಿಟ್ಟು ಮಾಡಿಕೊಂಡರೆ ನನ್ನ ಮೇಲೆ ಹಾಕಿ. ತರಬೇತಿಗೆ ಮಾತ್ರ ಈ ವಾರವೇ ಹೆಸರು ನೋಂದಾಯಿಸಿ, ಹೃದ್ರೋಗ ತಜ್ಞರು ಏನೆಂದರು ಎಂದು ನನಗೆ ಬರೆಯಿರಿ.