ಅಂಚು ಗರಿಗರಿ, ನಡು ಮೆತ್ತಗೆ: ಮಸಾಲೆ ಘಮದ ಚಾಕೊಲೇಟ್ ಕುಕ್ಕೀಸ್

ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯ ಪಕ್ಕದಲ್ಲೇ ಕೋಕೊ ಗಿಡವೂ ಬೆಳೆಯುತ್ತದೆ. ಪುತ್ತೂರಿನಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ 1986ರಲ್ಲೇ ಶುರುವಾಗಿದೆ. ಇಷ್ಟಾದರೂ ಚಾಕೊಲೇಟಿಗೆ ಮೆಣಸು, ಏಲಕ್ಕಿ, ಶುಂಠಿ ಬೆರೆಸಲು ನಮ್ಮಲ್ಲಿ ಅನೇಕರು ಹಿಂಜರಿಯುತ್ತಾರೆ. ಒಮ್ಮೆ ಬೆರೆಸಿ ನೋಡಿ, ಚಾಕೊಲೇಟಿನ ಕಹಿ–ಸಿಹಿಗೆ ಹೊಸ ಕಳೆ ಬರುತ್ತದೆ.

ಈ ಕುಕ್ಕೀಸ್ ಕೆಡುವುದು ಹೆಚ್ಚಾಗಿ ಅತಿಯಾಗಿ ಬೇಯಿಸುವುದರಿಂದ. ಹಿಟ್ಟು ಮೊದಲೇ ಕಪ್ಪಗಿರುವ ಕಾರಣ ಬಣ್ಣ ನೋಡಿ ಹದ ಹೇಳಲಾಗದು. ಹಾಗಾಗಿ ಗಡಿಯಾರದ ಮೇಲೂ ಕುಕ್ಕೀಸಿನ ಅಂಚಿನ ಮೇಲೂ ಕಣ್ಣಿರಲಿ.

ಬೇಕಾಗುವ ಸಾಮಗ್ರಿ (ಸುಮಾರು 20 ಕುಕ್ಕೀಸಿಗೆ)

• ಡಾರ್ಕ್ ಚಾಕೊಲೇಟ್: 150 ಗ್ರಾಂ
• ಉಪ್ಪಿಲ್ಲದ ಬೆಣ್ಣೆ: 100 ಗ್ರಾಂ
• ಕಂದು ಸಕ್ಕರೆ: 120 ಗ್ರಾಂ
• ಮೊಟ್ಟೆ: 1
• ಮೈದಾ: 130 ಗ್ರಾಂ
• ಕೋಕೊ ಪುಡಿ: 30 ಗ್ರಾಂ
• ಅಡುಗೆ ಸೋಡಾ: ಅರ್ಧ ಟೀ ಚಮಚ
• ಉಪ್ಪು: ಕಾಲು ಟೀ ಚಮಚ
• ಒಣದ್ರಾಕ್ಷಿ, ಅಂಜೂರ, ಖರ್ಜೂರ: ಒಟ್ಟು 100 ಗ್ರಾಂ
• ಏಲಕ್ಕಿ ಪುಡಿ, ಚಕ್ಕೆ ಪುಡಿ: ತಲಾ ಅರ್ಧ ಟೀ ಚಮಚ
• ಒಣಶುಂಠಿ ಪುಡಿ: ಕಾಲು ಟೀ ಚಮಚ
• ಕಾಳುಮೆಣಸಿನ ಪುಡಿ: ಒಂದು ಚಿಟಿಕೆ
• ಬಿಸಿ ಕಾಫಿ ಡಿಕಾಕ್ಷನ್: ಕಾಲು ಕಪ್

ಮಾಡುವ ವಿಧಾನ

1. ಅಂಜೂರ, ಖರ್ಜೂರಗಳನ್ನು ಒಣದ್ರಾಕ್ಷಿಯಷ್ಟೇ ಸಣ್ಣಗೆ ಹೆಚ್ಚಿ. ಮೂರನ್ನೂ ಬಿಸಿ ಡಿಕಾಕ್ಷನ್‌ನಲ್ಲಿ 20 ನಿಮಿಷ ನೆನೆಸಿ, ಬಸಿದು, ಬಟ್ಟೆಯಲ್ಲಿ ಒತ್ತಿ ಒರೆಸಿ. ನೆನೆಸದ ಹಣ್ಣು ಓವನ್‌ನ ಬಿಸಿಗೆ ಗಟ್ಟಿಯಾಗುತ್ತದೆ. ನೀರು ಉಳಿದರೆ ಹಿಟ್ಟು ಸಡಿಲವಾಗುತ್ತದೆ.

2. ಕುದಿಯುವ ನೀರಿನ ಪಾತ್ರೆಯ ಮೇಲೆ ಒಣಗಿದ ಬಟ್ಟಲಿಟ್ಟು ಬೆಣ್ಣೆ ಮತ್ತು 100 ಗ್ರಾಂ ಚಾಕೊಲೇಟ್ ಕರಗಿಸಿ. ಒಂದೆರಡು ಹನಿ ನೀರು ಬಿದ್ದರೂ ಚಾಕೊಲೇಟ್ ಗಂಟುಗಟ್ಟಬಹುದು. ಬಿಸಿಯಿರುವಾಗಲೇ ಮಸಾಲೆ ಪುಡಿಗಳನ್ನು ಹಾಕಿ. ಮಸಾಲೆಯ ಘಮ ಜಿಡ್ಡಿನಲ್ಲಿ ಚೆನ್ನಾಗಿ ಬಿಡುತ್ತದೆ.

3. ಮಿಶ್ರಣ ಉಗುರುಬೆಚ್ಚಗಾದ ಮೇಲೆ ಸಕ್ಕರೆ, ಮೊಟ್ಟೆ ಹಾಕಿ ಹೊಳಪು ಬರುವವರೆಗೆ ಕಲಸಿ. ತೀರಾ ಬಿಸಿಯಿದ್ದರೆ ಮೊಟ್ಟೆ ಬೆಂದುಬಿಡುತ್ತದೆ. ಮೊಟ್ಟೆ ತಿನ್ನದವರು 50 ಗ್ರಾಂ ಗಟ್ಟಿ ಮೊಸರು ಬಳಸಬಹುದು.

4. ಮೈದಾ, ಕೋಕೊ, ಸೋಡಾ, ಉಪ್ಪನ್ನು ಜರಡಿ ಹಿಡಿದು ಸೇರಿಸಿ. ಒಣಹಿಟ್ಟು ಕಾಣದಾದೊಡನೆ ಕಲಸುವುದನ್ನು ನಿಲ್ಲಿಸಿ. ಹೆಚ್ಚು ಕಲಸಿದರೆ ಕುಕ್ಕೀಸ್ ನಾರಾಗುತ್ತದೆ. ಹಣ್ಣು ಮತ್ತು ಉಳಿದ ಚಾಕೊಲೇಟಿನ ಚೂರುಗಳನ್ನು ಬೆರೆಸಿ.

5. ಹಿಟ್ಟನ್ನು ಮುಚ್ಚಿ ಫ್ರಿಜ್‌ನಲ್ಲಿ 30 ನಿಮಿಷ ಇಡಿ. ಬೆಣ್ಣೆ ಗಟ್ಟಿಯಾದರೆ ಕುಕ್ಕೀಸ್ ಓವನ್‌ನಲ್ಲಿ ಹೆಚ್ಚು ಹರಡಿಕೊಳ್ಳುವುದಿಲ್ಲ. ಅಷ್ಟರಲ್ಲಿ ಓವನ್ 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲಿ.

6. ನಿಂಬೆ ಗಾತ್ರದ ಉಂಡೆ ಕಟ್ಟಿ, ಬೇಕಿಂಗ್ ಪೇಪರ್ ಹಾಸಿದ ತಟ್ಟೆಯಲ್ಲಿ ಎರಡು ಇಂಚು ಅಂತರದಲ್ಲಿಟ್ಟು ಮೆಲ್ಲಗೆ ಒತ್ತಿ. ಓವನ್‌ನ ನಡುಹಂತದಲ್ಲಿ 10ರಿಂದ 12 ನಿಮಿಷ ಬೇಯಿಸಿ.

7. ಅಂಚು ಗಟ್ಟಿಯಾಗಿ, ನಡುವೆ ಒತ್ತಿದರೆ ಬೆರಳಿಗೆ ಇನ್ನೂ ಮೆತ್ತಗೆ ಸಿಗುವಾಗಲೇ ಹೊರತೆಗೆಯಿರಿ. ಬೆಂದಿಲ್ಲವೆಂದು ಅನುಮಾನ ಬೇಡ, ಬಿಸಿ ತಟ್ಟೆಯ ಮೇಲೆ 10 ನಿಮಿಷದಲ್ಲಿ ಅದು ಹದಕ್ಕೆ ಬರುತ್ತದೆ. ಆಮೇಲೆ ಜಾಲರಿಗೆ ವರ್ಗಾಯಿಸಿ.

ಇದನ್ನೂ ಗಮನಿಸಿ

ಪ್ರತಿ ಓವನ್‌ನ ಕಾವೂ ಬೇರೆ. ಮೊದಲು ಎರಡೇ ಉಂಡೆ ಬೇಯಿಸಿ ನಿಮ್ಮ ಓವನ್‌ನ ಸಮಯ ಗೊತ್ತುಮಾಡಿಕೊಳ್ಳಿ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿದರೆ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಮಸಾಲೆ ಮರುದಿನಕ್ಕೆ ಇನ್ನಷ್ಟು ಹಿಡಿಯುತ್ತದೆ, ಆದ್ದರಿಂದ ನೆಂಟರು ಬರುವ ಹಿಂದಿನ ದಿನವೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು.