ಸೋರುವ ಕಿವಿಯೂ ತೂತಾದ ತಮಟೆಯೂ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಕೆಲವರು, ಮಾತನಾಡಿಸಿದಾಗ ಯಾವಾಗಲೂ ಒಂದೇ ಕಡೆಯ ಕಿವಿಯನ್ನು ಮುಂದೊಡ್ಡುತ್ತಾರೆ. ವಿಚಾರಿಸಿದರೆ, “ಚಿಕ್ಕಂದಿನಿಂದಲೂ ಕಿವಿ ಸೋರುತ್ತದೆ, ಊರಿಗೆ ಹೋದಾಗ ತೋರಿಸಬೇಕು” ಎಂಬ ಉತ್ತರ. ಊರಿಗೆ ಹೋಗುವುದು ವರ್ಷಕ್ಕೊಮ್ಮೆ, ಎಂಟು ದಿನ. ಮದುವೆ ಜಾತ್ರೆಗಳಿಗೇ ಅದು ಸಾಲದು. ಆದುದರಿಂದ ಈ ತೊಂದರೆ ಎಂತಹುದು, ಅದಕ್ಕೆ ಮಾಡುವ ಶಸ್ತ್ರಕ್ರಿಯೆ ಯಾವುದು ಎಂಬುದನ್ನು ಇಲ್ಲಿ ನೋಡೋಣ.

ಕಿವಿಯ ಕೊಳವೆಯ ಕೊನೆಯಲ್ಲಿ ತಮಟೆಯೆಂಬ ತೆಳುಪೊರೆ ಅಡ್ಡಲಾಗಿದೆ. ಅಗಲ ಸುಮಾರು 9 ಮಿಲಿಮೀಟರು. ದಪ್ಪ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು. ಅದರ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ; ಅದೇ ನಡುಗಿವಿ. ಅಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಎಲುಬುಗಳು ಕೊಂಡಿಯಂತೆ ಸೇರಿಕೊಂಡಿವೆ. ರಿಕಾಪು ದೇಹದ ಎಲುಬುಗಳಲ್ಲೆಲ್ಲ ಅತಿ ಚಿಕ್ಕದು, ಅಕ್ಕಿಕಾಳಿಗಿಂತಲೂ ಕಿರಿದು. ತಮಟೆಯ ವಿಸ್ತಾರ ಅದರ ಪಾದಕ್ಕಿಂತ ಸುಮಾರು 17 ಪಟ್ಟು ಹೆಚ್ಚು. ದೊಡ್ಡ ಪೊರೆಯ ಮೇಲೆ ಬಿದ್ದ ಸದ್ದಿನ ಬಲ ಆ ಚಿಕ್ಕ ಪಾದದ ಮೇಲೆ ಕೂಡಿಬರುವುದರಿಂದಲೇ ಒಳಗಿವಿಯ ದ್ರವ ಅಲುಗುತ್ತದೆ. ತಮಟೆ ತೂತಾದರೆ ಈ ಲಾಭ ಕುಗ್ಗುತ್ತದೆ. ಇಲ್ಲಿ ಕೆಟ್ಟಿರುವುದು ಯಂತ್ರವೇ ಹೊರತು ನರವಲ್ಲ. ನರ ಕೆಟ್ಟು ಬಂದ ಕಿವುಡನ್ನು ಈ ಶಸ್ತ್ರಕ್ರಿಯೆ ಸರಿಪಡಿಸಲಾರದು. ಯಂತ್ರವನ್ನಾದರೋ ರಿಪೇರಿ ಮಾಡಬಹುದು. ಕೆಟ್ಟಿರುವುದು ಯಾವುದೆಂದು ವೈದ್ಯರು ಶ್ರುತಿಕವೆಯಿಂದಲೂ ಆಡಿಯೋಗ್ರಾಮಿನಿಂದಲೂ ಗುರುತಿಸುತ್ತಾರೆ.

ಕಪಾಳಕ್ಕೆ ಬಿದ್ದ ಏಟಿನಿಂದಲೋ ಕಿವಿಗೆ ಹಾಕಿದ ಬೆಂಕಿಕಡ್ಡಿಯಿಂದಲೋ ಆದ ಸಣ್ಣ ತೂತು, ನೀರು ತಾಗದಂತೆ ನೋಡಿಕೊಂಡರೆ ಎರಡು ಮೂರು ತಿಂಗಳಲ್ಲಿ ಹೆಚ್ಚಾಗಿ ತಾನೇ ಮುಚ್ಚುತ್ತದೆ. ನೆಗಡಿಯ ಸೋಂಕು ಮೂಗಿನ ಹಿಂದಿನ ನಳಿಗೆಯಿಂದ ನಡುಗಿವಿಗೆ ಏರಿ, ವರ್ಷಗಟ್ಟಲೆ ಸೋರಿದ ಕಿವಿಯ ತೂತು ಹಾಗಲ್ಲ. ಇದಕ್ಕೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದು ನಮ್ಮವರ ರೂಢಿ. ಅದು ತೂತಿನ ಮೂಲಕ ನೇರವಾಗಿ ನಡುಗಿವಿಗೆ ಇಳಿಯುತ್ತದೆಂದು ನೆನೆದರೆ ಕೈ ತಾನಾಗಿಯೇ ಹಿಂದೆ ಸರಿದೀತು! ಬೀದಿಯಲ್ಲಿ ಸಲಾಕೆ ಹಿಡಿದು ಕಿವಿ ಶುಚಿಮಾಡುವವರಿಗೂ ಇಂಥ ಕಿವಿಯನ್ನು ಒಪ್ಪಿಸತಕ್ಕದ್ದಲ್ಲ.

ಸೋರುವುದು ಸ್ವಲ್ಪವೇ ಆದರೂ ಕೊಳೆತ ನಾತವಿದ್ದರೆ ಎಚ್ಚರ ಬೇಕು. ಚರ್ಮವು ನಡುಗಿವಿಯೊಳಗೆ ಹೊಕ್ಕು, ಗಂಟಾಗಿ ಬೆಳೆದು, ಸುತ್ತಲಿನ ಎಲುಬನ್ನು ಸವೆಸುವ ಕೊಲೆಸ್ಟಿಯಟೋಮ ಎಂಬ ರೋಗ ಅದಾಗಿರಬಹುದು. ಮುಖ ಒಂದು ಕಡೆಗೆ ಸೊಟ್ಟಗಾದರೆ, ತಲೆ ತಿರುಗಿದರೆ, ಜ್ವರದೊಡನೆ ವಿಪರೀತ ತಲೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಜೆ ಮಂಜೂರಾಗಲೆಂದು ಕಾಯಬಾರದು. ಅಲ್ಲಿ ರೋಗವನ್ನು ತೆಗೆಯುವುದೇ ಮೊದಲು, ಶ್ರವಣದ ಮಾತು ಆಮೇಲೆ.

ತಮಟೆಗೆ ತೇಪೆ ಹಾಕುವ ಯೋಚನೆ ಹಳೆಯದು. 1640ರಲ್ಲಿ ಬಾನ್ಜರ್ ಎಂಬವನು ಹಂದಿಯ ಮೂತ್ರಕೋಶದ ಪೊರೆ ಕಟ್ಟಿದ ಕೊಳವೆಯನ್ನೂ, 1853ರಲ್ಲಿ ಲಂಡನ್ನಿನ ಟಾಯ್ನ್‌ಬಿ ಬೆಳ್ಳಿ ತಂತಿಯ ರಬ್ಬರ್ ಬಿಲ್ಲೆಯನ್ನೂ ಕಿವಿಯಲ್ಲಿ ಇರಿಸಿ ನೋಡಿದರು. 1950ರ ದಶಕದ ಮೊದಲಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ಟ್ಸೋಲ್ನರ್ ಎಂಬ ವೈದ್ಯರು ನಡುಗಿವಿಯನ್ನೇ ಹೊಸದಾಗಿ ಕಟ್ಟುವ ಕ್ರಮವನ್ನು ರೂಪಿಸಿದರು. ಅವರು ಬಳಸಿದ ಚರ್ಮದ ತೇಪೆ ಚೆನ್ನಾಗಿ ಬಾಳಲಿಲ್ಲ. ಈಗ ಸಾಮಾನ್ಯವಾಗಿ ರೋಗಿಯದೇ ಕಣತಲೆಯ ಸ್ನಾಯುವಿನ ತೆಳು ಹೊದಿಕೆಯನ್ನು, ಇಲ್ಲವೇ ಕಿವಿಯ ಮೃದ್ವಸ್ಥಿಯನ್ನು ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ತೂತಿಗೆ ಹೊಂದಿಸುತ್ತಾರೆ. ಎಲುಬಿನ ಕೊಂಡಿ ಕಳಚಿದ್ದರೆ ಅದೇ ಎಲುಬನ್ನು ಕೆತ್ತಿ ಜೋಡಿಸುವುದುಂಟು. ಟೈಟೇನಿಯಮ್ ತುಂಡನ್ನು ಇಡುವುದೂ ಉಂಟು. ಬರಿಯ ತಮಟೆಯ ತೂತಾದರೆ ನೂರರಲ್ಲಿ 80–90 ತೇಪೆಗಳು ಹಿಡಿಯುತ್ತವೆ. ಎಲುಬೂ ಕೆಟ್ಟಿದ್ದರೆ ಕೇಳಿಸುವಿಕೆಯ ಬಗ್ಗೆ ಅಷ್ಟು ಭರವಸೆ ಕೊಡಲಾಗದು.

ಬರಿಯ ತೂತಿಗಾದರೆ, ಶಸ್ತ್ರಕ್ರಿಯೆಗೆ ಮುಂಚೆ ಸಾಧ್ಯವಾದಷ್ಟು ಕಿವಿ ಒಣಗಿರಬೇಕು. ಸ್ನಾನ ಮಾಡುವಾಗ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಗೆ ಇಟ್ಟುಕೊಳ್ಳಿರಿ. ಇ.ಎಸ್.ಐ. ಸೌಲಭ್ಯವುಳ್ಳವರು ತಮ್ಮ ಡಿಸ್ಪೆನ್ಸರಿಯಲ್ಲಿ ಮೊದಲು ಕೇಳಬೇಕು. ಖೋಲಿಯಲ್ಲಿ ಒಬ್ಬರೇ ಇರುವವರು ಮೊದಲ ಕೆಲವು ದಿನಗಳ ಮಟ್ಟಿಗೆ ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಳ್ಳುವುದು ಲೇಸು. ಆ ಬಳಿಕ ಕೆಲವು ವಾರ ಭಾರ ಎತ್ತಬಾರದು, ಮೂಗನ್ನು ಹಿಡಿದು ಜೋರಾಗಿ ಸಿಂಬಳ ತೆಗೆಯಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಹೋಟೆಲಿನಲ್ಲಿ ಹಂಡೆ ಹೊರುವ ತಮ್ಮಂದಿರು ಇದನ್ನು ಯಜಮಾನರಿಗೆ ಮುಂಚಿತವಾಗಿಯೇ ತಿಳಿಸಿ ರಜೆ ಪಡೆಯುವುದು ಒಳ್ಳೆಯದು.

ಕಟ್ಟು ಬಿಚ್ಚಿದ ಮೇಲೂ ಕಿವಿಯೊಳಗೆ ಮದ್ದಿನ ತುಂಬು ಇರುವುದರಿಂದ ಕೆಲವು ವಾರ ಮೊದಲಿಗಿಂತಲೂ ಮಂದವಾಗಿ ಕೇಳಿಸಬಹುದು. ಶಸ್ತ್ರಕ್ರಿಯೆ ಕೆಟ್ಟಿತೆಂದು ಇದರಿಂದ ತಿಳಿಯಬಾರದು. ತೇಪೆ ಎಷ್ಟು ಫಲ ಕೊಟ್ಟಿತೆಂಬುದು ಎರಡು ಮೂರು ತಿಂಗಳ ಬಳಿಕ ತೆಗೆಯುವ ಆಡಿಯೋಗ್ರಾಮಿನಲ್ಲಿ ಗೊತ್ತಾಗುತ್ತದೆ.