ಸಿ ಕೈಹತ್ತಬೇಕೇ? ಕಬ್ಬಿನ ಚೀಟಿಯಿಂದ ಶುರು ಮಾಡಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಡಿಪ್ಲೊಮಾ, ಬಿಸಿಎ ವಿದ್ಯಾರ್ಥಿಗಳೇ, ಸಿ ಭಾಷೆಯಲ್ಲಿ ಲೂಪ್‌ವರೆಗೆ ಎಲ್ಲರೂ ಸಲೀಸಾಗಿ ಬರುತ್ತಾರೆ. ಸ್ಟ್ರಕ್ಟ್, ಪಾಯಿಂಟರ್ ಎದುರಾದ ಕೂಡಲೇ ಬಾಯಿಪಾಠ ಶುರು. ಅದನ್ನು ಬಿಡಿ, ಹೀಗೆ ಮಾಡಿ.

1. ಸ್ಟ್ರಕ್ಟ್‌ಗೆ ನಿಮ್ಮೂರಿನ ಲೆಕ್ಕವನ್ನೇ ತನ್ನಿ. ಮುಧೋಳದವರು ಕಬ್ಬಿನ ತೂಕದ ಚೀಟಿ ಹಿಡಿಯಿರಿ: ರೈತರ ಹೆಸರು, ಊರು, ತೂಕ. ಬನಹಟ್ಟಿಯವರಿಗೆ ಮಗ್ಗದ ಸೀರೆ ಇದ್ದೇ ಇದೆ: ಬಣ್ಣ, ಉದ್ದ, ದರ.

2. ಒಂದು ಫಂಕ್ಷನ್‌ಗೆ ಒಂದೇ ಕೆಲಸ. ಚೀಟಿ ಓದಲು ಒಂದು, ಮುದ್ರಿಸಲು ಒಂದು, ಮೊತ್ತಕ್ಕೆ ಇನ್ನೊಂದು.

3. ಪಾಯಿಂಟರ್ ಯಾಕೆ ಬೇಕೆಂದು ಕಣ್ಣಾರೆ ನೋಡಿ. ಹೆಸರಿಗೆ 40 ಬೈಟ್, ಊರಿಗೆ 20, ತೂಕದ ಫ್ಲೋಟ್‌ಗೆ 4: ಚೀಟಿ 64 ಬೈಟ್ ಆಯಿತು. ಅದನ್ನು ಹಾಗೇ ಫಂಕ್ಷನ್‌ಗೆ ಕೊಟ್ಟರೆ ಇಡೀ ಚೀಟಿಯ ನಕಲು ಹೋಗುತ್ತದೆ. ಒಳಗೆ ತೂಕ ತಿದ್ದಿದರೂ ಮೇನ್‌ನಲ್ಲಿ ಹಳೆಯ ತೂಕವೇ ಇರುತ್ತದೆ. ವಿಳಾಸ ಕೊಟ್ಟು ನೋಡಿ: 64-ಬಿಟ್ ಕಂಪ್ಯೂಟರಿನಲ್ಲಿ ಹೋಗುವುದು ಬರೀ 8 ಬೈಟ್, -> ಹಾಕಿ ತಿದ್ದಿದ್ದು ಅಸಲಿ ಚೀಟಿಗೇ ಸೇರುತ್ತದೆ. ಎರಡೂ ಬಗೆಯಲ್ಲಿ ಬರೆದು ಔಟ್‌ಪುಟ್ ಹೋಲಿಸಿ. ಇಡೀ ಪಟ್ಟಿಯಲ್ಲಿ ಇದೊಂದನ್ನು ಮಾತ್ರ ಬಿಡಬೇಡಿ.

4. ಟರ್ಬೊ ಸಿ ಸಾಕು ಮಾಡಿ. ಅದರಲ್ಲಿ ಇಂಟ್ 2 ಬೈಟ್, 32,767 ದಾಟುವುದಿಲ್ಲ. 20,000 ಕೆಜಿಯ ಎರಡು ಲೋಡ್ ಕೂಡಿಸಿ ಇಂಟ್‌ನಲ್ಲೇ ಇಟ್ಟರೆ -25,536 ಬರುತ್ತದೆ! ಬದಲಿಗೆ ಜಿಸಿಸಿ ಕಂಪೈಲರ್ ಬಳಸಿ, ಅದು ಉಚಿತ. ಅದರ ವಾರ್ನಿಂಗ್‌ಗಳನ್ನೆಲ್ಲ ಆನ್ ಮಾಡಿ, ಒಂದೂ ಉಳಿಯದಂತೆ ತಿದ್ದಿ.

5. ಪಾಯಿಂಟರಿಗೆ ವಿಳಾಸ ಕೊಡದೆ ಬಳಸಬೇಡಿ. ಸದ್ಯಕ್ಕೆ ವಿಳಾಸ ಇಲ್ಲವೇ? ನಲ್ ಇಡಿ. ಮ್ಯಾಲಾಕ್‌ನಿಂದ ಪಡೆದ ಜಾಗವನ್ನು ಫ್ರೀ ಮಾಡಿ.

6. ಕರೆಂಟ್ ಹೋದರೂ ಅಭ್ಯಾಸ ನಿಲ್ಲಿಸಬೇಡಿ. ಹಾಳೆಯ ಮೇಲೆ ಮೂರು ಚೀಟಿಗಳ ಅರೇ ಬರೆಯಿರಿ. ಮೊದಲನೆಯದರ ವಿಳಾಸ 1000 ಎಂದಿಟ್ಟುಕೊಂಡರೆ ಮುಂದಿನವು 1064, 1128. ಪಾಯಿಂಟರಿಗೆ 1 ಕೂಡಿಸಿದರೆ ಅದು 1001ಕ್ಕೆ ಹೋಗದೆ 1064ಕ್ಕೆ ಯಾಕೆ ಹೋಗುತ್ತದೆಂದು ಪಕ್ಕದ ಗೆಳೆಯನಿಗೆ ಕನ್ನಡದಲ್ಲೇ ಹೇಳಿ. ಹೇಳಲು ಬಂದರೆ ಪಾಯಿಂಟರ್ ಬಂದಂತೆ.

7. ಗೈಡ್‌ಗಿಂತ ಮೂಲ ಪುಸ್ತಕ ಮೇಲು. ಸಿ ಭಾಷೆಯನ್ನು ರೂಪಿಸಿದ ಡೆನ್ನಿಸ್ ರಿಚಿ, ಬ್ರಯಾನ್ ಕರ್ನಿಘನ್ ಜೊತೆ 1978ರಲ್ಲಿ ತಂದ ‘ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ತೆಳುವಾದ ಪುಸ್ತಕ. 1988ರ ಎರಡನೇ ಆವೃತ್ತಿಯ 4ನೇ ಅಧ್ಯಾಯ ಫಂಕ್ಷನ್, 5ನೆಯದು ಪಾಯಿಂಟರ್, 6ನೆಯದು ಸ್ಟ್ರಕ್ಚರ್. ಇದೇ ಕ್ರಮದಲ್ಲಿ ಓದಿ, ಅಧ್ಯಾಯದ ಅಭ್ಯಾಸಗಳನ್ನು ನೀವೇ ಟೈಪ್ ಮಾಡಿ ಬಿಡಿಸಿ.